ಮಳೆ ಬಂದರೆ ಕಟ್ ಆಗುವ ಇಂಟರ್ನೆಟ್: ಮೋಡೆಮ್ ಬದಲಿಸುವ ಮುಂಚೆ ಫೋನ್ ಎತ್ತಿ ಕೇಳಿ

(ಟೆಲಿಫೋನ್ ತಂತಿಯ ಮೂಲಕವೇ ಡಯಲ್ ಮಾಡಿ ಇಂಟರ್ನೆಟ್ ಪಡೆಯುತ್ತಿದ್ದ ವಿಂಡೋಸ್ 98 ಕಾಲದ ಪ್ರಶ್ನೋತ್ತರ ಇದು.)

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮಧ್ಯೆ ಮನೆ, ಟೆಲಿಫೋನ್ ಎಕ್ಸ್‌ಚೇಂಜ್ ಸುಮಾರು 5 ಕಿ.ಮೀ. ದೂರ. ಪೆಂಟಿಯಂ 3 ಕಂಪ್ಯೂಟರ್, ವಿಂಡೋಸ್ 98, ಒಳಗೇ ಕೂರಿಸಿದ 56ಕೆ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಸಾಧನ, ಸೆಕೆಂಡಿಗೆ ಹೆಚ್ಚೆಂದರೆ 56 ಸಾವಿರ ಬಿಟ್). ಡಯಲ್ ಆಗುತ್ತದೆ, ಪಾಸ್‌ವರ್ಡ್ ತಗೊಳ್ಳುತ್ತದೆ, ಆದರೆ ಐದು ಹತ್ತು ನಿಮಿಷಕ್ಕೆ ಕಟ್ ಆಗುತ್ತದೆ. ಸಂಜೆ ಆರರ ಮೇಲೆ ಈ ಕಾಟ ಜಾಸ್ತಿ. ಮಳೆ ಬಂದ ದಿನ ಕನೆಕ್ಟೇ ಆಗುವುದಿಲ್ಲ. ಫೋನಿನಲ್ಲಿ ಮಾತಾಡಲು ಮಾತ್ರ ಏನೂ ತೊಂದರೆ ಇಲ್ಲ. ಪೇಟೆಯಲ್ಲಿ ಒಬ್ಬರು ಮೋಡೆಮ್ ಬದಲಿಸಿ ಅಂದರು, ಇನ್ನೊಬ್ಬರು ಫಾರ್ಮ್ಯಾಟ್ ಮಾಡಬೇಕು ಅಂದರು. ಅಮೆರಿಕದಲ್ಲಿರುವ ಮಗಳು ಮೊಮ್ಮಗನ ಫೋಟೋ ಕಳಿಸಿದ್ದಾಳೆ. ಆ ಮೇಲ್ ಅರ್ಧ ಬಂದು ನಿಲ್ಲುತ್ತದೆ, ಅದರ ಹಿಂದೆ ಇರುವ ಮೇಲ್‌ಗಳೂ ಬರುತ್ತಿಲ್ಲ. ಏನು ಮಾಡಲಿ?

ಉತ್ತರ:

ಮೊದಲು ಒಂದು ಮಾತು. ಸದ್ಯಕ್ಕೆ ಮೋಡೆಮ್ ಕೊಳ್ಳಬೇಡಿ, ಫಾರ್ಮ್ಯಾಟ್ ಅಂತೂ ಮಾಡಿಸಲೇಬೇಡಿ. ಫಾರ್ಮ್ಯಾಟ್ ಮಾಡಿದರೆ ನಿಮ್ಮ ಹಳೇ ಮೇಲ್‌ಗಳು, ಫೋಟೋಗಳು, ತೋಟದ ಲೆಕ್ಕ ಇಟ್ಟಿದ್ದರೆ ಅದೂ ಹೋಗುತ್ತದೆ, ತೊಂದರೆ ಮಾತ್ರ ಅಲ್ಲೇ ಇರುತ್ತದೆ. ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಮಳೆ ಬಂದ ದಿನ ಕನೆಕ್ಟ್ ಆಗುವುದಿಲ್ಲ ಎಂದಿದ್ದೀರಿ. ಹೊರಗೆ ಮಳೆ ಬರುತ್ತಿದೆ ಎಂದು ವಿಂಡೋಸ್‌ಗೆ ಗೊತ್ತಾಗುವುದಿಲ್ಲ, ಟೇಬಲ್ ಮೇಲಿರುವ ಕಂಪ್ಯೂಟರಿನ ಒಳಗೆ ಕೂತ ಮೋಡೆಮ್ಮಿಗೂ ಗೊತ್ತಾಗುವುದಿಲ್ಲ. ಮಳೆಗೆ ನೆನೆಯುವುದು ತಂತಿ. ಹಾಗಾಗಿ ಹುಡುಕಾಟ ತಂತಿಯಿಂದ ಶುರು ಮಾಡೋಣ. ಸಂಜೆ ಆರರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರ ಬಗ್ಗೆ ನನಗೆ ಬೇರೆಯೇ ಒಂದು ಅನುಮಾನ ಇದೆ.

ಮಾತಾಡಲು ತೊಂದರೆ ಇಲ್ಲ, ಇಂಟರ್ನೆಟ್‌ಗೆ ಮಾತ್ರ ತೊಂದರೆ ಅಂದಮೇಲೆ ದೋಷ ಕಂಪ್ಯೂಟರಿನದೇ ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ನಾವು ಮಾತಾಡುವಾಗ ಮಧ್ಯೆ ಚರ್ ಎಂದು ಸದ್ದು ಬಂದರೂ ಅರ್ಥ ಮಾಡಿಕೊಳ್ಳುತ್ತೇವೆ, ತಪ್ಪಿದ ಅಕ್ಷರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ, ಸದ್ದು ಇತ್ತು ಅನ್ನುವುದೂ ಆಮೇಲೆ ನೆನಪಿರುವುದಿಲ್ಲ. ಮೋಡೆಮ್ಮಿಗೆ ಆ ಅನುಕೂಲ ಇಲ್ಲ. ಟೆಲಿಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಮನುಷ್ಯನ ಮಾತಿಗೆ ಅಷ್ಟು ಸಾಕು ಎಂದು ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ ಅದು. ಆ ಕಿರಿದಾದ ಜಾಗದಲ್ಲೇ ಮೋಡೆಮ್ ಸೆಕೆಂಡಿಗೆ ಮೂವತ್ತು ನಲವತ್ತು ಸಾವಿರ ಬಿಟ್ ತುರುಕಬೇಕು. ಎಕ್ಸ್‌ಚೇಂಜ್ ನಿಮ್ಮ ಲೈನಿನ ಸದ್ದನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ, ಪ್ರತಿ ಅಳತೆಗೂ 8 ಬಿಟ್, ಅಂದರೆ 256 ಮೆಟ್ಟಿಲು. 56ಕೆ ಮೋಡೆಮ್ ಆ ಮೆಟ್ಟಿಲುಗಳನ್ನೇ ಒಂದೊಂದಾಗಿ ಗುರುತು ಹಿಡಿಯಬೇಕು. ಕೆಳಗಿನ ಮೆಟ್ಟಿಲುಗಳ ನಡುವಿನ ಅಂತರ ಎಷ್ಟು ಸಣ್ಣದು ಅಂದರೆ, ನಿಮ್ಮ ಕಿವಿಗೆ ಕೇಳಿಯೂ ಕೇಳದಂಥ ಗೊರಗೊರ ಇದ್ದರೂ ಅವು ಒಂದರೊಳಗೊಂದು ಕಲಸಿಹೋಗುತ್ತವೆ.

ಹಾಗೆ ಕಲಸಿಹೋದಾಗ ಮೋಡೆಮ್ ತಕ್ಷಣ ಲೈನ್ ಬಿಡುವುದಿಲ್ಲ. ಡೇಟಾ ನಿಲ್ಲಿಸಿ ಆಚೆ ಕಡೆಯ ಮೋಡೆಮ್ ಜೊತೆ ಮತ್ತೆ ಹೊಂದಾಣಿಕೆ ಮಾಡಿಕೊಳ್ಳಲು ನೋಡುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೂಲೆಯ ಎರಡು ಪುಟಾಣಿ ಕಂಪ್ಯೂಟರ್ ಚಿತ್ರಗಳು ಮಿನುಗುವುದಿಲ್ಲ, ಪುಟ ಅರ್ಧಕ್ಕೆ ನಿಂತಿರುತ್ತದೆ, ಹತ್ತಾರು ಸೆಕೆಂಡು ಬಿಟ್ಟು ಮತ್ತೆ ಓಡುತ್ತದೆ. ಕಟ್ ಆಗುವ ಮುಂಚೆ ನಿಮಗೂ ಹೀಗೆ ಆಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಲೈನಿನಲ್ಲಿ ಸದ್ದಿದೆ ಎಂದು ಬಹುಮಟ್ಟಿಗೆ ಖಚಿತ.

ಈಗ ಮಾಡಬೇಕಾದ ಮೊದಲ ಕೆಲಸ. ಇದಕ್ಕೆ ಕಾಸು ಖರ್ಚಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಮೋಡೆಮ್ ವಯರ್ ಕಿತ್ತಿಡಿ, ಮನೆಯ ಫೋನ್ ಎತ್ತಿ, ಯಾವುದಾದರೂ ಒಂದೇ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಎಕ್ಸ್‌ಚೇಂಜ್ ಮುಂದಿನ ಅಂಕಿಗೆ ಕಾಯುತ್ತಿರುತ್ತದೆ, ಆ ಕೆಲವು ಸೆಕೆಂಡು ಲೈನ್ ಖಾಲಿ. ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ, ಉಸಿರು ಬಿಗಿಹಿಡಿದು ಕೇಳಿ. ಒಳ್ಳೆಯ ಲೈನ್ ಆದರೆ ಫೋನ್ ಸತ್ತೇ ಹೋಯಿತೇನೋ ಅನ್ನುವಷ್ಟು ನಿಶ್ಶಬ್ದ ಇರುತ್ತದೆ. ಬೇರೆ ಏನು ಕೇಳಿದರೂ ಅದಕ್ಕೊಂದು ಕಾರಣ ಇದೆ. ಗುಂಯ್ ಎಂದು ಒಂದೇ ಸಮನೆ ಕೇಳಿದರೆ ಎರಡು ತಂತಿಗಳಲ್ಲಿ ಒಂದು ಎಲ್ಲೋ ನೆಲಕ್ಕೋ ಮರಕ್ಕೋ ತಾಗಿದೆ, ಅಥವಾ ಕರೆಂಟ್ ಲೈನ್ ಪಕ್ಕದಲ್ಲೇ ಹಾದುಹೋಗಿದೆ. ಚರಚರ, ಪಟಪಟ ಎಂದು ಬಿಟ್ಟು ಬಿಟ್ಟು ಕೇಳಿದರೆ, ಅದರಲ್ಲೂ ಗಾಳಿ ಬೀಸಿದಾಗ ಕೇಳಿದರೆ, ಯಾವುದೋ ಜಾಯಿಂಟ್ ಸಡಿಲ ಇದೆ ಇಲ್ಲವೇ ಕಿಲುಬು ಹಿಡಿದಿದೆ. ಯಾರೋ ದೂರದಲ್ಲಿ ಮಾತಾಡಿದ ಹಾಗೆ ಕೇಳಿದರೆ ನೆಲದೊಳಗಿನ ಕೇಬಲ್ಲಿಗೆ ನೀರು ಸೇರಿರುವ ಸಾಧ್ಯತೆ ಜಾಸ್ತಿ. ಇನ್ನು ಟಕ್, ಟಕ್, ಟಕ್ ಎಂದು ಸುಮಾರು ಸೆಕೆಂಡಿಗೊಂದರಂತೆ, ಗಡಿಯಾರ ಇಟ್ಟು ಹೊಡೆದ ಹಾಗೆ ಕೇಳಿದರೆ ಅದು ಬೇಲಿ.

ಇದೇ ನನ್ನ ಸಂಜೆ ಆರರ ಅನುಮಾನ. ಮಲೆನಾಡಿನಲ್ಲಿ ಈಗ ತೋಟಕ್ಕೆ, ಗದ್ದೆಗೆ ಐಬೆಕ್ಸ್ ಬೇಲಿ, ಅಂದರೆ ಮುಟ್ಟಿದರೆ ಕರೆಂಟಿನ ಏಟು ಕೊಡುವ ತಂತಿಬೇಲಿ, ಹಾಕಿಸುವವರು ಹೆಚ್ಚು. ಹಂದಿ, ಜಿಂಕೆ, ಕಾಡುಕೋಣ ಬರುವುದು ರಾತ್ರಿ, ಹಾಗಾಗಿ ಬೇಲಿಯ ಮಷಿನ್ ಚಾಲೂ ಆಗುವುದು ಕತ್ತಲಾಗುವ ಹೊತ್ತಿಗೆ. ಆ ಮಷಿನ್ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ತಂತಿಗೆ ಸಾವಿರಾರು ವೋಲ್ಟಿನ ಏಟು ಕೊಡುತ್ತದೆ. ಒಂದೊಂದು ಏಟು ಬಹಳ ಚಿಕ್ಕದು, ಸೆಕೆಂಡಿನ ಸಾವಿರದ ಒಂದು ಭಾಗವೂ ಇರುವುದಿಲ್ಲ. ಆದರೆ ಬೇಲಿ ತಂತಿ ಮತ್ತು ಫೋನ್ ತಂತಿ ಪಕ್ಕಪಕ್ಕದಲ್ಲಿ ಸ್ವಲ್ಪ ದೂರ ಜೊತೆಗೆ ಸಾಗಿದರೂ ಆ ಏಟು ಫೋನ್ ತಂತಿಯಲ್ಲಿ ಮೂಡುತ್ತದೆ. ಮಾತಾಡುವವರಿಗೆ ಅದು ಸಣ್ಣ ಟಕ್ ಸದ್ದು, ಅಭ್ಯಾಸವಾದರೆ ಗಮನಕ್ಕೂ ಬರುವುದಿಲ್ಲ. ಮೋಡೆಮ್ಮಿಗೆ ಸೆಕೆಂಡಿಗೊಮ್ಮೆ ಡೇಟಾ ಹಾಳು. ಹಾಳಾದ ತುಂಡನ್ನು ಮತ್ತೆ ಕಳಿಸು ಎಂದು ಕೇಳಬೇಕು, ಬರುವಷ್ಟರಲ್ಲಿ ಇನ್ನೊಂದು ಏಟು. ಹೀಗೇ ಏಗಿ ಏಗಿ ಕೊನೆಗೆ ಲೈನ್ ಬಿಡುತ್ತದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಂಥ ದನಕುರಿ ಸಾಕುವ ದೇಶಗಳಲ್ಲೂ ಹಳ್ಳಿ ಮನೆಗಳ ಇಂಟರ್ನೆಟ್ಟಿಗೆ ಇದೇ ದೊಡ್ಡ ಕಾಟ.

ಪರೀಕ್ಷೆ ಸುಲಭ. ಸಂಜೆ ಏಳು ಗಂಟೆಗೆ ಫೋನ್ ಎತ್ತಿ ನಾನು ಹೇಳಿದ ಹಾಗೆ ಕೇಳಿ. ಟಕ್ ಟಕ್ ಇದ್ದರೆ ಬೇಲಿಯ ಮಷಿನ್ ಆಫ್ ಮಾಡಿಸಿ ಮತ್ತೆ ಕೇಳಿ. ಬೇಲಿ ನಿಮ್ಮದೇ ಆಗಿರಬೇಕು ಅಂತಿಲ್ಲ. ಪಕ್ಕದ ತೋಟದವರದ್ದಾದರೂ ಆಗಬಹುದು, ಫೋನ್ ತಂತಿ ಬರುವ ದಾರಿಯಲ್ಲಿ ಕಿಲೋಮೀಟರ್ ದೂರದ ಮನೆಯವರದ್ದಾದರೂ ಆಗಬಹುದು. ಸದ್ದು ನಿಂತರೆ ಕಾರಣ ಸಿಕ್ಕಿತು. ಪರಿಹಾರಕ್ಕೆ ಬೇಲಿ ಕೀಳಬೇಕಾಗಿಲ್ಲ. ಫೋನ್ ತಂತಿಯ ಜೊತೆಜೊತೆಗೇ ಸಾಗುವ ಭಾಗವನ್ನು ಮಾತ್ರ ದೂರ ಸರಿಸಬೇಕು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಬೇಕು. ಟೆಲಿಫೋನ್ ಕಂಬಕ್ಕೆ ಬೇಲಿ ತಂತಿ ಕಟ್ಟಿದ್ದರೆ ಅದನ್ನು ಇವತ್ತೇ ಬಿಚ್ಚಿಸಿ. ಕೆಟ್ಟ ಇಂಟರ್ನೆಟ್ಟಿನ ಮಾತು ಹಾಗಿರಲಿ, ಕಂಬ ಹತ್ತುವ ಲೈನ್‌ಮನ್ ಜೀವದ ಪ್ರಶ್ನೆ ಅದು. ತಂತಿಗೆ ತಾಗುವ ಕಳೆ, ಬಳ್ಳಿ ಸವರಿಸಿ. ಮಷಿನ್ನಿನ ಅರ್ಥಿಂಗ್ ರಾಡು ಮನೆಯ ಬೇರೆ ಯಾವುದೇ ಅರ್ಥಿಂಗಿನಿಂದ ಕನಿಷ್ಠ 10 ಮೀಟರ್ ದೂರ ಇರಲಿ, ತೇವ ಇರುವ ಜಾಗದಲ್ಲಿ ಆಳಕ್ಕೆ ಹೊಡೆದಿರಲಿ. ಅರ್ಥಿಂಗ್ ಸರಿಯಿಲ್ಲದ ಬೇಲಿ ಸುತ್ತಮುತ್ತಲ ಲೈನಿಗೆಲ್ಲ ಸದ್ದು ಹಂಚುತ್ತದೆ, ಹಂದಿಯನ್ನೂ ಸರಿಯಾಗಿ ತಡೆಯುವುದಿಲ್ಲ. ಹಾಗಾಗಿ ಪಕ್ಕದ ತೋಟದವರಿಗೆ ಹೇಳುವಾಗ ಆ ಎರಡನೆಯ ಮಾತನ್ನೇ ಮೊದಲು ಹೇಳಿ, ಅವರೂ ಮನಸ್ಸಿಟ್ಟು ಸರಿ ಮಾಡಿಸುತ್ತಾರೆ.

ಬೇಲಿಯ ಸದ್ದೇ ಇಲ್ಲ ಅಂತಾದರೆ ಸಂಜೆ ಬೇರೆ ಏನೇನು ಚಾಲೂ ಆಗುತ್ತದೆ ಯೋಚಿಸಿ. ವೋಲ್ಟೇಜ್ ಬಿದ್ದು ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುತ್ತೀರಾ? ಅಗ್ಗದ ಇನ್ವರ್ಟರಿನಿಂದ ಬರುವ ಕರೆಂಟ್ ಚೌಕಾಕಾರದ ಅಲೆಯದ್ದು, ಅದರ ಗೊರಗೊರ ಫೋನ್ ಲೈನಿಗೂ ಹತ್ತುತ್ತದೆ. ಹಳೇ ಟ್ಯೂಬ್‌ಲೈಟಿನ ಚೋಕ್ ಪಕ್ಕದಲ್ಲೇ ಫೋನ್ ವಯರ್ ಓಡಿದೆಯಾ ನೋಡಿ. ಸಂಜೆ ಇಂಟರ್ನೆಟ್ ಕಂಪನಿಯ ಕಡೆ ಗಿರಾಕಿಗಳ ನೂಕುನುಗ್ಗಲೂ ಇರುತ್ತದೆ, ಆದರೆ ಅದರ ಲಕ್ಷಣ ಬೇರೆ. ಆಗ ಡಯಲ್ ಮಾಡಿದಾಗಲೇ ಎಂಗೇಜ್ ಬರುತ್ತದೆ, ಇಲ್ಲವೇ ಕನೆಕ್ಟ್ ಆಗಿ ನಿಧಾನ ಆಗುತ್ತದೆ. ಐದು ನಿಮಿಷ ಚೆನ್ನಾಗಿ ಓಡಿ ಕಟ್ ಆಗುವುದು ಸಾಮಾನ್ಯವಾಗಿ ಲೈನಿನ ಕಾಯಿಲೆ.

ಇನ್ನು ಮಳೆಯ ವಿಷಯ. ಇಲ್ಲಿ ಎರಡು ಭಾಗ ಮಾಡಿಕೊಳ್ಳಬೇಕು: ಮನೆಯೊಳಗಿನ ತಂತಿ, ಹೊರಗಿನ ತಂತಿ. ಎರಡರ ಗಡಿ ಅಂದರೆ ಗೋಡೆಗೆ ಹೊಡೆದ ರೊಸೆಟ್ ಬಾಕ್ಸ್, ಹೊರಗಿನಿಂದ ಬಂದ ಕಪ್ಪು ಡ್ರಾಪ್ ವಯರ್ ಬಂದು ಸೇರುವ ಆ ಸಣ್ಣ ಬಿಳಿ ಡಬ್ಬಿ. ಅದರ ಮುಚ್ಚಳ ಬಿಚ್ಚಿ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಆ ಡಬ್ಬಿ ತೆಗೆದರೆ ಒಂದು ಹಿಡಿ ಇರುವೆ ಗೂಡಿನ ಮಣ್ಣು ಬೀಳುವುದು ಮಾಮೂಲು. ಮಣ್ಣು ಊದಿ ತೆಗೆದರೆ ಕೆಳಗೆ ಎರಡು ಸ್ಕ್ರೂ, ಅವುಗಳ ಸುತ್ತ ತಾಮ್ರದ ಎಳೆ, ಎಳೆಯ ಮೇಲೆ ಹಸಿರು ಕಿಲುಬು. ಆ ಕಿಲುಬೇ ಮುಖ್ಯ ಕಳ್ಳ. ಒಣಗಿದ್ದಾಗ ಅದು ಕರೆಂಟಿಗೆ ಅರ್ಧ ದಾರಿ ಬಿಡುತ್ತದೆ, ತೇವ ತಗೊಂಡಾಗ ಎರಡು ಸ್ಕ್ರೂಗಳ ನಡುವೆ ತಾನೇ ಅಡ್ಡದಾರಿ ಮಾಡಿಕೊಡುತ್ತದೆ. ಜೂನ್ ಜುಲೈನಲ್ಲಿ ಗೋಡೆಯೇ ಬೆವರುವಾಗ ಡಬ್ಬಿಯೊಳಗೆ ತೇವ ಸೇರದೆ ಇರುತ್ತದೆಯೇ? ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಸದಾಗಿ ಒಂದು ಇಂಚು ಸಿಪ್ಪೆ ತೆಗೆದು, ಹೊಳೆಯುವ ತಾಮ್ರ ಕಂಡ ಮೇಲೆ ಸ್ಕ್ರೂಗೆ ಸುತ್ತಿ ಬಿಗಿಮಾಡಿ. ಸ್ಕ್ರೂಗೂ ತುಕ್ಕು ಹಿಡಿದಿದ್ದರೆ ಡಬ್ಬಿಯನ್ನೇ ಬದಲಿಸಿ, ಅದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ. ಒಂದು ಎಚ್ಚರ: ಈ ಲೈನಿನಲ್ಲಿ ಸುಮ್ನೆ ಇರುವಾಗಲೂ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಬಂದಾಗ 75 ವೋಲ್ಟ್ ಆಸುಪಾಸಿನ ಕರೆಂಟ್ ಬರುತ್ತದೆ. ಬರಿಗೈಯಲ್ಲಿ ಹಿಡಿದಿದ್ದಾಗ ಯಾರಾದರೂ ಫೋನ್ ಮಾಡಿದರೆ ಜೋರಾಗೇ ಜುಂ ಅನ್ನುತ್ತದೆ. ಕಾಲಿಗೆ ಒಣ ಚಪ್ಪಲಿ ಇರಲಿ, ಹಿಡಿಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್ ಇರಲಿ. ಗುಡುಗು ಮಿಂಚು ಇರುವಾಗ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಆಮೇಲೆ ಮನೆಯೊಳಗೆ ಇನ್ನೇನೇನು ನೇತುಹಾಕಿದ್ದೀರಿ ನೋಡಿ. ಅಡುಗೆ ಮನೆಗೊಂದು ಪ್ಯಾರಲಲ್ ಫೋನ್, ಉಪ್ಪರಿಗೆಗೊಂದು, ಯಾರ ಫೋನ್ ಬಂತು ಎಂದು ತೋರಿಸುವ ಕಾಲರ್ ಐಡಿ ಡಬ್ಬಿ, ಎಲ್ಲಾ ಒಂದೇ ಲೈನಿಗೆ. ಒಂದು ಸಲ ಎಲ್ಲವನ್ನೂ ಕಿತ್ತು, ಕಂಪ್ಯೂಟರನ್ನೇ ರೊಸೆಟ್ ಬಾಕ್ಸಿನ ಹತ್ತಿರ ಹೊತ್ತುಕೊಂಡು ಬಂದು, ಗಿಡ್ಡ ವಯರಿನಲ್ಲಿ ನೇರವಾಗಿ ಸೇರಿಸಿ ಅರ್ಧ ಗಂಟೆ ಓಡಿಸಿ. ಎತ್ತಿ ಇಡುವುದು ಕಷ್ಟವೇ, ಆದರೆ ಊಹೆ ಮಾಡಿಕೊಂಡು ವಾರಗಟ್ಟಲೆ ಒದ್ದಾಡುವುದಕ್ಕಿಂತ ಇದು ವಾಸಿ. ಅಲ್ಲಿ ಚೆನ್ನಾಗಿ ಓಡಿದರೆ ದೋಷ ನಿಮ್ಮ ಮನೆಯೊಳಗಿನ ವಯರಿಂಗ್‌ನದು. ಬಹಳ ಮನೆಗಳಲ್ಲಿ ಅಂಗಡಿಯಿಂದ ತಂದ ಚಪ್ಪಟೆ ವಯರನ್ನೇ ಇಪ್ಪತ್ತು ಮೂವತ್ತು ಅಡಿ, ಕರೆಂಟ್ ವಯರಿನ ಪಕ್ಕದಲ್ಲೇ ಎಳೆದಿರುತ್ತಾರೆ. ಅದರೊಳಗಿನ ಎಳೆಗಳು ಹೊಸೆದಿರುವುದಿಲ್ಲ, ಸುತ್ತಲಿನ ಸದ್ದನ್ನೆಲ್ಲಾ ಹೀರುತ್ತದೆ. ಎರಡು ಎಳೆ ಒಂದಕ್ಕೊಂದು ಹೊಸೆದ ಟೆಲಿಫೋನ್ ವಯರ್ ಎಂದು ಕೇಳಿ ತನ್ನಿ, ಕರೆಂಟ್ ವಯರಿನಿಂದ ಅಡಿ ದೂರ ಇಟ್ಟು ಎಳೆಯಿರಿ.

ರೊಸೆಟ್ ಬಾಕ್ಸಿಗೇ ನೇರ ಸೇರಿಸಿದರೂ ಕಟ್ ಆದರೆ ದೋಷ ಹೊರಗಿದೆ. ಹೊರಗಿನ ತಂತಿಯನ್ನು ನೀವು ಮುಟ್ಟಬೇಡಿ, ಅದು ಟೆಲಿಫೋನ್ ಕಂಪನಿಯ ಸ್ವತ್ತು, ಆದರೆ ನೋಡಿಕೊಂಡು ಬರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯಿಂದ ಡಿಪಿ ಬಾಕ್ಸ್ (ಮನೆಮನೆಗೆ ತಂತಿ ಕವಲೊಡೆಯುವ ಡಬ್ಬಿ) ಇರುವ ಕಂಬದವರೆಗೆ ತಂತಿಯ ಕೆಳಗೇ ನಡೆದುಹೋಗಿ. ಅಡಿಕೆ ಮರಕ್ಕೆ ಕಟ್ಟಿದ ಕಡೆ ಗಾಳಿಗೆ ಉಜ್ಜಿ ಸಿಪ್ಪೆ ಹೋಗಿದೆಯಾ, ತೆಂಗಿನ ಹೆಡೆ ತಂತಿಯ ಮೇಲೆ ಒರಗಿದೆಯಾ, ಎಲ್ಲೆಲ್ಲಿ ತಂತಿ ತುಂಡಾಗಿ ಗಂಟು ಹಾಕಿದ್ದಾರೆ, ಆ ಗಂಟಿಗೆ ಟೇಪು ಇದೆಯಾ ಇಲ್ಲವಾ, ಚೀಟಿಯಲ್ಲಿ ಬರೆದುಕೊಳ್ಳಿ. ಡ್ರಾಪ್ ವಯರ್ ಬರೀ ಕಂಬದಿಂದ ಮನೆಗೆ ಅಂತ ಇರುವುದು. ನಮ್ಮಲ್ಲಿ ಅದನ್ನೇ ಅರ್ಧ ಊರು ದಾಟಿಸಿರುತ್ತಾರೆ, ಪ್ರತಿ ಮಳೆಗಾಲಕ್ಕೂ ಒಂದೆರಡು ಗಂಟು ಸೇರುತ್ತವೆ. ಒಂದೊಂದು ಗಂಟೂ ಮಳೆನೀರಿಗೆ ಒಂದೊಂದು ಬಾಗಿಲು.

ದೂರು ಕೊಡುವಾಗ ಮಾತಿನಲ್ಲಿ ಸ್ವಲ್ಪ ಜಾಣತನ ಬೇಕು. 198ಕ್ಕೆ ಫೋನ್ ಮಾಡಿ ಇಂಟರ್ನೆಟ್ ನಿಧಾನ ಎಂದರೆ ಅದು ಕಂಪ್ಯೂಟರಿನ ತೊಂದರೆ ಎಂದು ಬರೆದುಕೊಂಡು ಮುಗಿಸುವ ಸಾಧ್ಯತೆ ಇದೆ. ಲೈನಿನ ಕೆಲಸ ಮಾತು ಸಾಗಿಸುವುದು, ಅವರ ಪರೀಕ್ಷೆಯೂ ಅದಕ್ಕೇ. ಹಾಗಾಗಿ ಫೋನಿನಲ್ಲಿ ಸದ್ದಿದೆ, ಮಳೆ ಬಂದರೆ ಜಾಸ್ತಿ, ಇಂಥ ಕಂಬದಿಂದ ಇಂಥ ಕಂಬದ ಮಧ್ಯೆ ಇಷ್ಟು ಗಂಟುಗಳಿವೆ ಎಂದು ಹೇಳಿ. ಕೇಳಿಸಿಕೊಂಡಿದ್ದೀರಲ್ಲ, ಆ ಸದ್ದು ನಿಜವಾಗಿಯೂ ಇದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮನ್ ಬಂದಾಗ ಬಿಸಿಲಿದ್ದರೆ ಲೈನ್ ಚೆನ್ನಾಗೇ ಇರುತ್ತದೆ, ಏನಿಲ್ಲ ಎಂದು ಹೋಗುತ್ತಾರೆ. ಅದಕ್ಕೇ ನಿಮ್ಮ ಚೀಟಿ ಬೇಕಾಗುವುದು. ಇನ್ನೊಂದು ಗಂಟು ಹಾಕುವುದು ಬೇಡ, ಆ ಕಂಬದಿಂದ ಈ ಕಂಬದವರೆಗೆ ಒಂದೇ ತುಂಡು ಹೊಸ ವಯರ್ ಎಳೆಯಿರಿ ಎಂದು ಕೇಳಿ. ಸಾಧ್ಯ ಆದರೆ ಜೆಟಿಓ (ಜೂನಿಯರ್ ಟೆಲಿಕಾಂ ಆಫೀಸರ್) ಅವರನ್ನೇ ಕಂಡು ಲೈನ್ ಅಳೆಸಿ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಜೋಡಿ ತಂತಿಗೆ ಕಿಲೋಮೀಟರಿಗೆ ಸುಮಾರು 170ರಿಂದ 180 ಓಮ್ ಬರುತ್ತದೆ, ನಿಮ್ಮ 5 ಕಿ.ಮೀ.ಗೆ 900 ಆಸುಪಾಸು. ದಾರಿಯೆಲ್ಲ ಅಂಥದೇ ಕೇಬಲ್ ಇದ್ದು, ಅಳತೆ ಇದಕ್ಕಿಂತ ಬಹಳ ಮೇಲೆ ಹೋದರೆ ಅಥವಾ ಅಳೆಯುವಾಗಲೇ ಏರಿಳಿದರೆ ಮಧ್ಯೆ ಕೆಟ್ಟ ಜಾಯಿಂಟ್ ಇದೆ ಅಂತಲೇ ಲೆಕ್ಕ.

ಎಕ್ಸ್‌ಚೇಂಜ್ ಬಗ್ಗೆ ಒಂದು ಮಾತು, ಯಾಕೆಂದರೆ ಹಳ್ಳಿ ಎಕ್ಸ್‌ಚೇಂಜ್ ಆದ್ದರಿಂದಲೇ ಹೀಗೆ ಎಂದು ಬಹಳ ಜನ ನಂಬಿದ್ದಾರೆ. ಹಳ್ಳಿಗಳಿಗೆಂದೇ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ ಎಕ್ಸ್‌ಚೇಂಜ್ ದೇಶದಲ್ಲಿ ಮೊಟ್ಟಮೊದಲು ಚಾಲೂ ಆಗಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಕೆ, ಹೋಗಿ ಬರುವ ಕರೆಂಟು ಎಲ್ಲವನ್ನೂ ತಡೆಯುವ ಹಾಗೆ, ಎಸಿ ಕೋಣೆ ಬೇಡದ ಹಾಗೆ ಮಾಡಿದ ಡಿಜಿಟಲ್ ಯಂತ್ರ ಅದು, ಒಳ್ಳೆಯ ಕೆಲಸ. ಅದನ್ನು ದೂರಬೇಡಿ. ಆದರೆ ಒಂದು ಮಿತಿ ತಿಳಿದಿರಲಿ. 1998ರಲ್ಲಿ ಬಂದ ವಿ.90 ಪದ್ಧತಿಯಲ್ಲಿ 56ಕೆ ಹತ್ತಿರ ಹೋಗಬೇಕಾದರೆ ಇಂಟರ್ನೆಟ್ ಕಂಪನಿಯಿಂದ ನಿಮ್ಮ ಎಕ್ಸ್‌ಚೇಂಜ್‌ವರೆಗೆ ದಾರಿಯೆಲ್ಲ ಡಿಜಿಟಲ್ ಇರಬೇಕು, ಕೊನೆಯ ತಾಮ್ರದ ತಂತಿ ಮಾತ್ರ ಸಾದಾ (ಅನಲಾಗ್). ಮಧ್ಯೆ ಎಲ್ಲಾದರೂ ಒಂದು ಸಲ ಸಾದಾ ಲೈನ್ ಆಗಿ ಮತ್ತೆ ಡಿಜಿಟಲ್ ಆದರೆ, ಎಂಥ ದುಬಾರಿ ಮೋಡೆಮ್ ತಂದರೂ ಸೆಕೆಂಡಿಗೆ 33.6 ಸಾವಿರ ಬಿಟ್ಟಿನ ಮೇಲೆ ಹೋಗುವುದಿಲ್ಲ. ಹಾಗೆ ಸದಾ 31.2 ಅಥವಾ 33.6ಕ್ಕೇ ಕನೆಕ್ಟ್ ಆಗಿ ಗಟ್ಟಿಯಾಗಿ ನಿಲ್ಲುತ್ತದೆ ಅಂದರೆ ಅದರಲ್ಲಿ ದೋಷ ಏನೂ ಇಲ್ಲ. ಇನ್ನು ಕನೆಕ್ಟ್ ಆದಾಗ 115200 ಎಂದು ತೋರಿಸಿದರೆ ಅದು ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ವೇಗ, ಲೈನಿನದ್ದಲ್ಲ.

ಈಗ ಸೆಟ್ಟಿಂಗ್ಸ್. ಲೈನ್ ಸರಿಹೋಗುವವರೆಗೆ ಇವುಗಳಿಂದ ಸ್ವಲ್ಪ ಉಪಶಮನ ಸಿಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್, ಪ್ರಾಪರ್ಟೀಸ್, ಕನೆಕ್ಷನ್, ಅಡ್ವಾನ್ಸ್ಡ್ ಎಂದು ಹೋದರೆ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಎಂಬ ಖಾಲಿ ಜಾಗ ಇದೆ. ಅಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎಸ್10=100 ಎಂದು ಬರೆಯಿರಿ. ಆಚೆ ಕಡೆಯ ಸದ್ದು ಎಷ್ಟು ಹೊತ್ತು ಕಾಣೆಯಾದರೆ ಫೋನ್ ಇಡಬೇಕು ಎಂದು ಮೋಡೆಮ್ಮಿಗೆ ಹೇಳುವ ಸಂಖ್ಯೆ ಅದು, ಸೆಕೆಂಡಿನ ಹತ್ತನೇ ಒಂದರ ಲೆಕ್ಕದಲ್ಲಿ. ಸಾಮಾನ್ಯವಾಗಿ ಕಂಪನಿಯಿಂದ ಬರುವಾಗ ಒಂದೆರಡು ಸೆಕೆಂಡಿಗೇ ಇಟ್ಟಿರುತ್ತಾರೆ, 100 ಅಂದರೆ 10 ಸೆಕೆಂಡು. 255 ಹಾಕಿ ಎಂದು ಯಾರಾದರೂ ಹೇಳಿದರೆ ಹಾಕಬೇಡಿ. ಆಗ ಲೈನ್ ಸತ್ತುಹೋದರೂ ಬಹಳಷ್ಟು ಮೋಡೆಮ್‌ಗಳು ಫೋನ್ ಇಡುವುದಿಲ್ಲ, ಬಿಲ್ ಓಡುತ್ತಲೇ ಇರುತ್ತದೆ. ಇನ್ನೊಂದು ಉಪಾಯ ವೇಗಕ್ಕೆ ಆಸೆಪಡದೆ ಇರುವುದು. ನಿಮ್ಮದು ಕೊನೆಕ್ಸೆಂಟ್ ಕಂಪನಿಯ ಚಿಪ್ಪಿನ ಮೋಡೆಮ್ ಆಗಿದ್ದರೆ ಅದೇ ಜಾಗದಲ್ಲಿ +ಎಂಎಸ್=ವಿ34 ಎಂದು ಸೇರಿಸಿದರೆ 56ಕೆಗೆ ಪ್ರಯತ್ನವನ್ನೇ ಮಾಡದೆ ಹಳೇ ಪದ್ಧತಿಯಲ್ಲಿ ಕನೆಕ್ಟ್ ಆಗುತ್ತದೆ. 44ಕ್ಕೆ ಕನೆಕ್ಟ್ ಆಗಿ ಐದು ನಿಮಿಷಕ್ಕೆ ಕಟ್ ಆಗಿ ಮತ್ತೆ ಡಯಲ್ ಮಾಡಿ ಇನ್ನೊಂದು ಕಾಲ್ ಲೆಕ್ಕಕ್ಕೆ ಸೇರಿಸಿಕೊಳ್ಳುವುದಕ್ಕಿಂತ, 28.8ರಲ್ಲಿ ಒಂದು ಗಂಟೆ ನಿಲ್ಲುವ ಲೈನಿನಲ್ಲಿ ಎಷ್ಟೋ ಹೆಚ್ಚು ಕೆಲಸ ಆಗುತ್ತದೆ. ಬೇರೆ ಕಂಪನಿಗಳ ಚಿಪ್ಪುಗಳಿಗೆ ಬರೆಯುವ ಅಕ್ಷರಗಳು ಬೇರೆ ಇರಬಹುದು, ಮೋಡೆಮ್ ಜೊತೆ ಬಂದ ಪುಸ್ತಕದಲ್ಲೋ ಸೀಡಿಯಲ್ಲೋ ನೋಡಿಕೊಳ್ಳಿ.

ಕಾಲ್ ವೇಟಿಂಗ್ ಇದ್ದರೆ ಎಕ್ಸ್‌ಚೇಂಜಿಗೆ ಹೇಳಿ ತೆಗೆಸಿ, ಅದರ ಬೀಪ್ ಒಂದೇ ಸಾಕು ಕನೆಕ್ಷನ್ ಬೀಳಿಸಲು. ಡಯಲ್-ಅಪ್ ನೆಟ್‌ವರ್ಕಿಂಗ್‌ನ ಸರ್ವರ್ ಟೈಪ್ಸ್‌ನಲ್ಲಿ ಟಿಸಿಪಿ/ಐಪಿ ಒಂದನ್ನು ಬಿಟ್ಟು ನೆಟ್‌ಬ್ಯೂಯಿ, ಐಪಿಎಕ್ಸ್ ಎರಡರ ಗುರುತೂ ತೆಗೆಯಿರಿ, ಕನೆಕ್ಟ್ ಆಗುವುದು ಬೇಗ ಆಗುತ್ತದೆ. ಸರಿಯಾಗಿ 20 ನಿಮಿಷಕ್ಕೇ ಕಟ್ ಆಗುವವರು ಮಾತ್ರ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಕನೆಕ್ಷನ್ಸ್‌ನಲ್ಲಿ ಸುಮ್ಮನಿದ್ದರೆ ಕಟ್ ಮಾಡು ಎಂಬ ಆಯ್ಕೆ ಇದೆಯಾ ನೋಡಲಿ. ನಿಮ್ಮದು ಅದಲ್ಲ. ಪರದೆಯ ಮೇಲೆ 680 ಬಂದರೆ ಡಯಲ್ ಟೋನ್ ಇಲ್ಲ, 676 ಬಂದರೆ ಎಂಗೇಜ್, 678 ಬಂದರೆ ಆಚೆ ಕಡೆ ಎತ್ತಲಿಲ್ಲ, 691 ಬಂದರೆ ಪಾಸ್‌ವರ್ಡ್ ತಪ್ಪು. ಮಳೆಯ ದಿನ ಯಾವುದು ಬರುತ್ತದೆ ಬರೆದಿಡಿ, ಲೈನ್‌ಮನ್‌ಗೆ ತೋರಿಸಲು ಬೇಕಾಗುತ್ತದೆ.

ಮೋಡೆಮ್ ಕೆಟ್ಟಿರಲು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್ ಮೇ ಗುಡುಗಿನಲ್ಲಿ ಏಟು ತಿಂದ ಮೋಡೆಮ್ ಕೆಲವೊಮ್ಮೆ ಪೂರ್ತಿ ಸಾಯದೆ ಅರೆಬರೆ ಕೆಲಸ ಮಾಡುತ್ತಿರುತ್ತದೆ. ಪರೀಕ್ಷೆ ಮಾಡುವ ದಾರಿ ಒಂದೇ: ಸಿಪಿಯು ಡಬ್ಬವನ್ನು ಪೇಟೆಯಲ್ಲಿರುವ ನೆಂಟರ ಮನೆಗೆ ತಗೊಂಡು ಹೋಗಿ, ಚೆನ್ನಾಗಿ ಇಂಟರ್ನೆಟ್ ಬರುವ ಅವರ ಲೈನಿಗೆ ಹಾಕಿ ನೋಡಿ. ಅಲ್ಲಿಯೂ ಕಟ್ ಆದರೆ ಮೋಡೆಮ್ ಬದಲಿಸಿ. ಬದಲಿಸುವುದೇ ಆದರೆ ಒಳಗಿನ ಅಗ್ಗದ ಕಾರ್ಡ್ ಬೇಡ, ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್ ತನ್ನಿ. ಒಳಗಿನ ಕಾರ್ಡ್‌ಗಳಲ್ಲಿ ಬಹುಪಾಲು ತಮ್ಮ ಕೆಲಸವನ್ನು ಕಂಪ್ಯೂಟರಿನ ಮೇಲೇ ಹೊರಿಸುತ್ತವೆ. ಹೊರಗಿನದಕ್ಕೆ ದುಡ್ಡು ಜಾಸ್ತಿ, ಆದರೆ ಕೆಟ್ಟ ಲೈನಿನಲ್ಲಿ ಅದು ಹಿಡಿದು ನಿಲ್ಲುತ್ತದೆ, ಸಿಡಿಲು ಹೊಡೆದರೆ ಮದರ್‌ಬೋರ್ಡ್‌ವರೆಗೆ ಹೋಗುವ ಸಾಧ್ಯತೆಯೂ ಕಡಿಮೆ. ಗುಡುಗು ಶುರುವಾಗುವ ಮುಂಚೆಯೇ ಕರೆಂಟಿನ ಪ್ಲಗ್ ಒಂದನ್ನೇ ಅಲ್ಲ, ಫೋನ್ ವಯರನ್ನೂ ಕೀಳಬೇಕು. ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಮಕ್ಕಳಿಗೂ ಸಹ.

ಇನ್ನು ಮೊಮ್ಮಗನ ಫೋಟೋ. ಇದಕ್ಕೆ ಲೈನ್ ರಿಪೇರಿ ಆಗುವವರೆಗೆ ಕಾಯಬೇಕಾಗಿಲ್ಲ. ಮೇಲ್‌ನಲ್ಲಿ ಬರುವಾಗ ಫೋಟೋ ತನ್ನ ಗಾತ್ರಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗುತ್ತದೆ. 1 ಎಂಬಿಯ ಫೋಟೋ 28.8ರ ಲೈನಿನಲ್ಲಿ ಬರಲು ಆರೇಳು ನಿಮಿಷ ಬೇಕು, ಮಗಳು ಅಂಥವು ನಾಲ್ಕು ಕಳಿಸಿದ್ದರೆ ಅರ್ಧ ಗಂಟೆ. ನಿಮ್ಮ ಲೈನ್ ಹತ್ತು ನಿಮಿಷಕ್ಕೆ ಕಟ್ ಆಗುತ್ತದೆ. ಮೇಲ್ ಇಳಿಸುವ ಪ್ರೋಗ್ರಾಮ್ ಆದ ಔಟ್‌ಲುಕ್ ಎಕ್ಸ್‌ಪ್ರೆಸ್ ಅರ್ಧ ಬಂದ ಮೇಲ್ ಅನ್ನು ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲವೂ ಮೊದಲಿನಿಂದ ಶುರು ಮಾಡುತ್ತದೆ, ಹಾಗಾಗಿ ಆ ಮೇಲ್ ಯಾವತ್ತೂ ಮುಗಿಯುವುದಿಲ್ಲ, ಹಿಂದಿನವಕ್ಕೂ ದಾರಿ ಬಿಡುವುದಿಲ್ಲ. ಟೂಲ್ಸ್‌ನಲ್ಲಿ ಮೆಸೇಜ್ ರೂಲ್ಸ್, ಮೇಲ್ ಎಂದು ಹೋಗಿ, ಇಷ್ಟು ಕೆಬಿಗಿಂತ ದೊಡ್ಡದಿದ್ದರೆ ಸರ್ವರಿನಿಂದ ಇಳಿಸಬೇಡ ಎಂಬ ನಿಯಮ ಹಾಕಿ, 200 ಕೆಬಿ ಎಂದು ಕೊಡಿ. ದೊಡ್ಡ ಮೇಲ್ ಅಲ್ಲೇ ಉಳಿಯುತ್ತದೆ, ಸಣ್ಣವೆಲ್ಲ ಇಳಿದು ಬರುತ್ತವೆ. ಅಕೌಂಟ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸರ್ವರ್ ಟೈಮ್‌ಔಟ್ ಎಂಬ ಗೆರೆಯನ್ನು ಕೊನೆಯವರೆಗೂ ಎಳೆದು 5 ನಿಮಿಷ ಮಾಡಿ. ಅಲ್ಲಿ ಉಳಿದ ಫೋಟೋ ಮೇಲ್ ಅನ್ನು ಸಾಗರದ ಯಾವುದಾದರೂ ಸೈಬರ್ ಕೆಫೆಯಲ್ಲಿ ಬ್ರೌಸರಿನಿಂದ ತೆರೆದು ಫ್ಲಾಪಿಗೆ ಹಾಕಿಸಿಕೊಂಡು ಬನ್ನಿ, ಒಂದು ಫ್ಲಾಪಿಯಲ್ಲಿ 1.44 ಎಂಬಿ ಹಿಡಿಯುತ್ತದೆ. ಮಗಳಿಗೆ ಒಂದು ಸಾಲು ಬರೆದು, ಕಳಿಸುವ ಮುಂಚೆ ಫೋಟೋವನ್ನು 640 ಬೈ 480ಕ್ಕೆ ಕುಗ್ಗಿಸಲು ಹೇಳಿ. ಪರದೆಯಲ್ಲಿ ನೋಡಲು ಅಷ್ಟು ಧಾರಾಳ ಸಾಕು, ಒಂದೊಂದು 60-70 ಕೆಬಿ ಆಗುತ್ತದೆ, ನಿಮ್ಮ ಈಗಿನ ಲೈನಿನಲ್ಲೇ ಬೆಳಗಿನ ಹೊತ್ತು ಅರ್ಧ ನಿಮಿಷದಲ್ಲಿ ಇಳಿಯುತ್ತದೆ.